ನರದ ನೋವೂ ಅದನ್ನು ತಡೆಯುವ ಸೂಜಿಯೂ

ಪೂರ್ಣವಾಗಿ ವಾಸಿಯಾಗದ ಒಂದು ನೋವನ್ನು ಕೆಲವು ವಾರಗಳ ಮಟ್ಟಿಗೆ ಅಡಗಿಸುವದಕ್ಕೋಸ್ಕರ ಹಣವನ್ನೂ ಕೂಲಿಯ ದಿವಸವನ್ನೂ ಕಳೆಯುವದು ಯುಕ್ತವೋ? ಈ ಪ್ರಶ್ನೆಯನ್ನು ಕೇಳುವವರು ಎರಡು ತರದವರು. ನೋವುಳ್ಳವರು ನಾಚಿಕೆಯಿಂದ ಮೆಲ್ಲನೆ ಕೇಳುತ್ತಾರೆ. ಅದೇ ಮನೆಯಲ್ಲಿರುವ ನೋವಿಲ್ಲದವರು ಗಟ್ಟಿಯಾಗಿ ಕೇಳುತ್ತಾರೆ. ಯಾವ ಔಷಧವನ್ನು ಎಷ್ಟು ಕೊಡಬೇಕೆಂಬದು ವೈದ್ಯರ ಮಾತು. ಆದರೆ ನೋವನ್ನು ತಾಳುವದು ಯಾವಾಗ ಸದ್ಗುಣ, ಯಾವಾಗ ಬರೀ ನಷ್ಟ ಎಂಬದೂ, ಒಬ್ಬನ ನೋವನ್ನು ಅಡಗಿಸುವದು ಯಾರ ಹಿತಕ್ಕಾಗಿ ಎಂಬದೂ ನಮ್ಮೆಲ್ಲರ ಮಾತಾಗಿವೆ. ಆದಕಾರಣ ಇದನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ವಿಚಾರಿಸೋಣ.

ಮೊದಲು ಈ ನೋವು ಎಂಥಾದ್ದೆಂಬದನ್ನು ತಿಳಿಯತಕ್ಕದ್ದು. ಕಂಪ್ಲಿಯ ಕಡೆಯಲ್ಲಿ ಕಬ್ಬು ಕಡಿಯುವವನ ಬೆರಳಿಗೆ ಮಚ್ಚು ತಾಗಿದರೆ ಬೆರಳು ನೋಯುತ್ತದೆ. ಗಾಯ ಮಾಯ್ದ ಮೇಲೆ ನೋವೂ ಹೋಗುತ್ತದೆ. ಇಲ್ಲಿ ನರವು ಬೆರಳಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ದಾರಿ ಮಾತ್ರವೇ. ಕೆಲವು ಸಾರಿ ಆ ದಾರಿಯೇ ಕೆಡುವದುಂಟು. ಭತ್ತದ ನಾಟಿಯಲ್ಲಿ ವರುಷಗಟ್ಟಲೆ ಬಗ್ಗಿದವಳ ಸೊಂಟದಲ್ಲಾಗಲಿ, ಸಂಡೂರಿನ ಅದಿರಿನ ಲಾರಿಯಲ್ಲಿ ಕುಳಿತು ಕುಲುಕಿದವನ ಸೊಂಟದಲ್ಲಾಗಲಿ, ಬೆನ್ನೆಲುಬುಗಳ ನಡುವೆ ಇರುವ ಡಿಸ್ಕ್ ಎಂಬ ಮೆತ್ತೆಯು ಹೊರಕ್ಕೆ ಸರಿದು ನರದ ಬುಡವನ್ನು ಒತ್ತಿದರೆ, ನೋವು ತೊಡೆಯ ಹಿಂಭಾಗವನ್ನು ಹಿಡಿದು ಪಾದದ ವರೆಗೂ ಮಿಂಚಿನಂತೆ ಇಳಿಯುತ್ತದೆ. ಕಾಲಿನಲ್ಲಿ ಗಾಯವಿಲ್ಲ, ಬಾವಿಲ್ಲ. ಆದರೂ ಕಾಲು ಕೂಗುತ್ತದೆ. ಸರ್ಪಸುತ್ತು ಎಂಬ ಬೇನೆಯೂ ಇಂಥಾದ್ದೇ. ಚಿಕ್ಕಂದಿನಲ್ಲಿ ಬಂದು ಹೋದ ಚಿಕನ್‌ಪಾಕ್ಸ್ ಬೇನೆಯ ವೈರಾಣುವು ನರದ ಬುಡದಲ್ಲಿ ಅನೇಕ ವರುಷ ಅಡಗಿದ್ದು, ಹೆಚ್ಚಾಗಿ ಮುಪ್ಪಿನಲ್ಲಿ ಪುನಃ ಎದ್ದು, ಪಕ್ಕೆಯ ಮೇಲೆ ಗುಳ್ಳೆಗಳ ಪಟ್ಟಿಯಾಗಿ ಕಾಣಿಸಿಕೊಳ್ಳುತ್ತದೆ. ಸರ್ಪದ ಶಾಪಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಗುಳ್ಳೆಗಳು ಕೆಲವು ವಾರಗಳಲ್ಲಿ ಒಣಗಿ ಉದುರಿದರೂ ಕೆಲವರಿಗೆ ಆ ಪಟ್ಟಿಯು ತಿಂಗಳುಗಟ್ಟಲೆ, ವರುಷಗಟ್ಟಲೆ ಉರಿಯುತ್ತಿರುತ್ತದೆ. ಸೀರೆಯ ಸೆರಗು ತಾಗಿದರೂ ಕೆಂಡ ತಾಗಿದಂತಾಗುತ್ತದೆ. ಸಕ್ಕರೆ ಕಾಯಿಲೆಯವರ ಅಂಗಾಲು ರಾತ್ರಿಯಲ್ಲಿ ಉರಿಯುವದೂ ನರದ ಕೆಡುಕಿನಿಂದಲೇ. ಮೂರು ತಿಂಗಳಿಗಿಂತ ಹೆಚ್ಚು ಕಾಲ ನಿಂತ ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದು ಎಣಿಸುತ್ತಾರೆ.

ನೋವು ದೇವರು ಕೊಟ್ಟ ದಾನವೆಂದು ಹೇಳುವವರು ಉಂಟು. ಅವರ ಮಾತು ಪೊಳ್ಳಲ್ಲ. ಪಾಲ್ ಬ್ರ್ಯಾಂಡ್ ಎಂಬ ವೈದ್ಯನು ೧೯೧೪ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಶನರಿಗಳ ಮಗನಾಗಿ ಹುಟ್ಟಿ, ೧೯೪೬ರಲ್ಲಿ ವೆಲ್ಲೂರಿನ ಆಸ್ಪತ್ರೆಗೆ ಬಂದು, ಕುಷ್ಠರೋಗಿಗಳ ಕೈಕಾಲುಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯಲ್ಲಿ ಬಹು ಶ್ರಮಪಟ್ಟನು. ಕುಷ್ಠದಿಂದ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು. ಅವನು ಗಮನವಿಟ್ಟು ನೋಡಿದಾಗ ಸಂಗತಿ ಬೇರೆಯಾಗಿತ್ತು. ರೋಗವು ನರಗಳನ್ನು ಕೆಡಿಸಿ ನೋವನ್ನು ತೆಗೆದುಬಿಡುತ್ತದೆ. ನೋವಿಲ್ಲದ ಕೈ ಒಲೆಯ ಬೆಂಕಿಯಿಂದ ಹಿಂದೆಗೆಯುವದಿಲ್ಲ, ನೋವಿಲ್ಲದ ಪಾದವು ಮುಳ್ಳನ್ನು ಅರಿಯುವದಿಲ್ಲ. ರಾತ್ರಿಯಲ್ಲಿ ಇಲಿಗಳು ಬೆರಳನ್ನು ಕಚ್ಚಿದರೂ ನಿದ್ರೆ ಮಾಡುವವನು ಏಳುವದಿಲ್ಲ. ಹೀಗೆ ಪ್ರತಿದಿನದ ಗಾಯಗಳಿಂದ ಅಂಗಗಳು ಸವೆದು ಹೋಗುತ್ತಿದ್ದವು. ಯಾರಿಗೂ ಬೇಡವಾದ ಈ ದಾನವನ್ನು ಕುರಿತು ಅವನು ಮತ್ತೊಬ್ಬನ ಸಂಗಡ ಸೇರಿ ಬರೆದ ಗ್ರಂಥವು ೧೯೯೩ರಲ್ಲಿ ಪ್ರಕಟವಾಯಿತು.

ಇದರಿಂದ ನೋವು ಊರಿನ ತಳವಾರನ ಹಾಗೆ ಎಂಬದು ಸ್ಪಷ್ಟ. ಕಳ್ಳ ಬಂದಾಗ ಕೂಗುವ ತಳವಾರನ ಬಾಯಿಯನ್ನು ಬುದ್ಧಿಯುಳ್ಳ ಊರು ಮುಚ್ಚುವದಿಲ್ಲ. ಆದರೆ ಕಳ್ಳನು ಹೋಗಿ ವರುಷವಾದರೂ, ಬಾಗಿಲುಗಳೆಲ್ಲಾ ಭದ್ರವಾಗಿದ್ದರೂ, ರಾತ್ರಿಯೆಲ್ಲಾ ಕೂಗುತ್ತಾ ಯಾರನ್ನೂ ಮಲಗಗೊಡದ ತಳವಾರನಿದ್ದರೆ ಏನು ಮಾಡಬೇಕು? ಸರ್ಪಸುತ್ತಿನ ಗುಳ್ಳೆ ಒಣಗಿದ ಮೇಲೆ ಉರಿಯುವ ನರವು ಇಂಥಾ ತಳವಾರನೇ. ಕುಷ್ಠರೋಗದಲ್ಲಿಯೂ ಕೆಲವರಿಗೆ ಒಂದು ಕಡೆ ಚರ್ಮವು ಮರಗಟ್ಟಿದ್ದು ಮತ್ತೊಂದು ಕಡೆ ನರವು ಕಠಿನವಾಗಿ ನೋಯುವದುಂಟು. ಕೆಟ್ಟ ನರವು ಹೇಳಬೇಕಾದದ್ದನ್ನು ಹೇಳದೆ, ಹೇಳಬಾರದ್ದನ್ನು ಕೂಗುತ್ತದೆ. ಆದದರಿಂದ ಬ್ರ್ಯಾಂಡನ ಮಾತನ್ನು ಹಿಡಿದುಕೊಂಡು ಎಲ್ಲಾ ನೋವನ್ನೂ ದಾನವೆಂದು ಹೇಳುವವರು, ಕಾವಲಿಗೂ ಕಾಟಕ್ಕೂ ಇರುವ ಭೇದವನ್ನು ಮರೆಯುತ್ತಾರೆ.

ಇನ್ನು ಸೂಜಿಯ ವಿಷಯ. ಹಲ್ಲು ಕೀಳಿಸಿಕೊಂಡವರು ಇದನ್ನು ಬಲ್ಲರು. ಒಸಡಿಗೆ ಸೂಜಿ ಚುಚ್ಚಿ ಸ್ವಲ್ಪ ಹೊತ್ತು ಕಳೆದ ಮೇಲೆ ದವಡೆ ಮರಗಟ್ಟಿ, ಹಲ್ಲು ಹೋದದ್ದೇ ತಿಳಿಯುವದಿಲ್ಲ. ನರ್ವ್ ಬ್ಲಾಕ್ ಎಂಬದು ಅದರ ದೊಡ್ಡಣ್ಣ. ಹೊಸಪೇಟೆಯಿಂದ ಹಂಪೆಯ ವರೆಗೆ ವಿಜಯನಗರದ ಅರಸರ ಕಾಲದ ತುರ್ತು ಕಾಲುವೆ, ಬಸವಣ್ಣ ಕಾಲುವೆ ಮುಂತಾದವುಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತವೆಂಬದು ಈ ಸೀಮೆಯವರಿಗೆ ಗೊತ್ತು. ಒಂದು ತೂಬನ್ನು ಮುಚ್ಚಿದರೆ ಅದರ ಕೆಳಗಿನ ಗದ್ದೆಗೆ ಮಾತ್ರ ನೀರು ನಿಲ್ಲುತ್ತದೆ. ಕಾಲುವೆಯೂ ಕೆಡುವದಿಲ್ಲ, ಬೇರೆ ಗದ್ದೆಯೂ ಒಣಗುವದಿಲ್ಲ. ಅದೇ ಪ್ರಕಾರ ಯಾವ ನರವು ನೋವನ್ನು ಒಯ್ಯುತ್ತದೋ ಆ ನರದ ಮಗ್ಗುಲಿಗೆ ಔಷಧವನ್ನು ಬಿಟ್ಟರೆ, ಅಲ್ಲಿಂದ ಮುಂದಕ್ಕೆ ಸುದ್ದಿ ಹರಿಯುವದು ಸ್ವಲ್ಪ ಕಾಲ ನಿಲ್ಲುತ್ತದೆ. ವೈದ್ಯರು ಎಕ್ಸರೇ ಯಂತ್ರದಿಂದಾಗಲಿ ಅಲ್ಟ್ರಾಸೌಂಡ್ ಯಂತ್ರದಿಂದಾಗಲಿ ಒಳಗನ್ನು ನೋಡುತ್ತಾ ಸೂಜಿಯ ತುದಿಯನ್ನು ಸ್ಥಳಕ್ಕೆ ಮುಟ್ಟಿಸುತ್ತಾರೆ.

ಈ ವಿದ್ಯೆಯು ಹೊಸದಲ್ಲ. ೧೮೮೪ರಲ್ಲಿ ವಿಯೆನ್ನಾ ಪಟ್ಟಣದ ಕಾರ್ಲ್ ಕೊಲ್ಲರ್ ಎಂಬವನು ಕೋಕೇನಿನ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದನು. ಸ್ವಲ್ಪ ಕಾಲದಲ್ಲಿಯೇ ಅಮೇರಿಕದ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನು ಅದನ್ನು ನರದ ಬಳಿಯಲ್ಲಿಯೇ ಚುಚ್ಚಿ ನೋಡಿದನು. ಪರೀಕ್ಷೆಗಳನ್ನು ತನ್ನ ಮೈಮೇಲೆಯೂ ಮಾಡಿಕೊಂಡದ್ದರಿಂದ ಆ ಮದ್ದಿನ ದಾಸನಾಗಿ ಬಹಳ ಕಷ್ಟಪಟ್ಟನು. ಚಟ ಹಿಡಿಸದಂಥ ಮದ್ದುಗಳು ಆಮೇಲೆ ಬಂದವು. ಸ್ವೀಡನ್ ದೇಶದಲ್ಲಿ ೧೯೪೩ರಲ್ಲಿ ಕಂಡುಹಿಡಿಯಲ್ಪಟ್ಟು ೧೯೪೮ರಿಂದ ಮಾರಾಟಕ್ಕೆ ಬಂದ ಲಿಗ್ನೊಕೇನ್ ಎಂಬದೇ ಈಗ ಹಲ್ಲಿನ ವೈದ್ಯರಿಂದ ಮೊದಲ್ಗೊಂಡು ಎಲ್ಲರ ಕೈಯಲ್ಲಿರುವ ಔಷಧ. ಇದರ ಮರಗಟ್ಟುವಿಕೆ ಕೆಲವು ತಾಸುಗಳಲ್ಲಿ ಇಳಿದು ಹೋಗುತ್ತದೆ. ದೀರ್ಘಕಾಲದ ನೋವಿನಲ್ಲಿ ಅನೇಕ ವೇಳೆ ಇದರ ಸಂಗಡ ಸ್ಟಿರಾಯ್ಡ್ ಎಂಬ ಮದ್ದನ್ನೂ ಬೆರೆಸುತ್ತಾರೆ. ಅದು ಒತ್ತಲ್ಪಟ್ಟ ನರದ ಉರಿಬಾವನ್ನು ಇಳಿಸಿ, ಫಲಿಸಿದವರಲ್ಲಿ ಕೆಲವು ವಾರ, ಕೆಲವು ಸಾರಿ ಕೆಲವು ತಿಂಗಳು, ನೋವನ್ನು ತಗ್ಗಿಸುತ್ತದೆ.

ಫಲಿಸಿದವರಲ್ಲಿ ಎಂದು ಹೇಳಿದೆವು. ಯಾಕಂದರೆ ಎಲ್ಲರಲ್ಲಿಯೂ ಫಲಿಸುವದಿಲ್ಲ. ಡಿಸ್ಕಿನಿಂದ ಕಾಲಿಗೆ ಇಳಿಯುವ ನೋವಿನಲ್ಲಿ ಇದರ ಪ್ರಯೋಜನವು ಸಾಧಾರಣವಾದದ್ದು, ಅದೂ ಸ್ವಲ್ಪ ಕಾಲದ್ದು. ಸಕ್ಕರೆ ಕಾಯಿಲೆಯ ಅಂಗಾಲುರಿಗೆ ಸಾಮಾನ್ಯವಾಗಿ ಸೂಜಿಯಲ್ಲ, ಸಕ್ಕರೆಯ ಹಿಡಿತವೂ ನರದ ನೋವಿಗೆಂದೇ ಇರುವ ಗುಳಿಗೆಗಳೂ ದಾರಿ. ಅಪಾಯಗಳೂ ಉಂಟು. ಸ್ಟಿರಾಯ್ಡಿನಿಂದ ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆಯು ಕೆಲವು ದಿನ ಏರಬಹುದು. ರಕ್ತ ತಿಳಿಯಾಗುವ ಗುಳಿಗೆ ತಿನ್ನುವವರಿಗೆ ಒಳಗೆ ರಕ್ತಸ್ರಾವವಾಗಬಹುದು. ಅಪರೂಪವಾಗಿ ಕೀವಾಗುವದೂ ನರಕ್ಕೇ ಪೆಟ್ಟಾಗುವದೂ ಉಂಟು. ಬೀದಿಯ ಮೂಲೆಯಲ್ಲಿ ಕುಳಿತು ಎಲ್ಲಾ ಬೇನೆಗೂ ಪೃಷ್ಠಕ್ಕೆ ಒಂದು ಸೂಜಿ ಚುಚ್ಚುವವರ ಕೆಲಸವು ಇದಲ್ಲವೆಂದು ಒತ್ತಿ ಹೇಳುತ್ತೇವೆ. ಅಲ್ಲಿ ತಪ್ಪು ಸ್ಥಳಕ್ಕೆ ಚುಚ್ಚಿದ ಸೂಜಿಯಿಂದಲೇ ಕಾಲಿನ ದೊಡ್ಡ ನರವು ಕೆಟ್ಟು ಪಾದವು ಜೋತುಬೀಳುವದುಂಟು. ನೋವಿದ್ದ ಸ್ಥಳಕ್ಕೆ ಬರೆ ಹಾಕಿಸುವದು ಒಂದು ನೋವಿಗೆ ಇನ್ನೊಂದನ್ನು ಕೂಡಿಸುವದಲ್ಲದೆ ಮತ್ತೇನೂ ಅಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಬಂದ ನೋವನ್ನು ತಾಳುವದೇ ಭಕ್ತರ ಲಕ್ಷಣವೆಂಬದು ಮೊದಲನೆಯದು. ಎಡಿನ್‌ಬರೊ ಪಟ್ಟಣದ ಜೇಮ್ಸ್ ಸಿಂಪ್ಸನ್ ಎಂಬ ವೈದ್ಯನು ೧೮೪೭ರಲ್ಲಿ ಹೆರಿಗೆಯ ನೋವಿಗೆ ಕ್ಲೋರೊಫಾರ್ಮನ್ನು ಉಪಯೋಗಿಸಿದಾಗಲೂ, ಸ್ತ್ರೀಯು ನೋವಿನಿಂದಲೇ ಹೆರಬೇಕೆಂಬ ವಾಕ್ಯಕ್ಕೆ ಇದು ವಿರೋಧವೆಂಬ ಮಾತು ಎದ್ದಿತು. ಅವನು ಅದೇ ವರುಷ ಒಂದು ಪುಸ್ತಿಕೆಯನ್ನು ಬರೆದು, ದೇವರು ಆದಾಮನ ಪಕ್ಕೆಲುಬನ್ನು ತೆಗೆಯುವದಕ್ಕೆ ಮುಂಚೆ ಅವನಿಗೆ ಗಾಢನಿದ್ರೆಯನ್ನು ಬರಮಾಡಿದ್ದನ್ನು ಎತ್ತಿ ತೋರಿಸಿದನು. ೧೮೫೩ರಲ್ಲಿ ವಿಕ್ಟೋರಿಯಾ ರಾಣಿಯೇ ಹೆರಿಗೆಯಲ್ಲಿ ಕ್ಲೋರೊಫಾರ್ಮನ್ನು ತೆಗೆದುಕೊಂಡ ಮೇಲೆ ಆ ವಾದವು ಬಹುಮಟ್ಟಿಗೆ ತಣ್ಣಗಾಯಿತು. ವೇದವಾಕ್ಯಗಳಿಗಿಂತ ಅರಮನೆಯ ನಡತೆಯೇ ಕೆಲವರನ್ನು ಬೇಗನೆ ಒಪ್ಪಿಸುತ್ತದೆಂಬದು ದುಃಖದ ಸಂಗತಿ.

ಪೌಲನು ತನ್ನ ಶರೀರದ ಮುಳ್ಳು ತೊಲಗಲೆಂದು ಮೂರು ಸಾರಿ ಬೇಡಿಕೊಂಡನು. ಅದು ತೊಲಗಲಿಲ್ಲವೆಂಬದನ್ನು ನಾವು ಅನೇಕ ಪ್ರಸಂಗಗಳಲ್ಲಿ ಕೇಳಿದ್ದೇವೆ; ಅವನು ಬೇಡಿದನೆಂಬದನ್ನು ಅಷ್ಟಾಗಿ ಕೇಳಲಿಲ್ಲ. ತನಗೆ ಕೊಟ್ಟ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ತೆಗೆದುಕೊಳ್ಳದ ಕರ್ತನು, ತನ್ನ ಬಳಿಗೆ ಬಂದ ಒಬ್ಬ ರೋಗಿಗಾದರೂ ತಾಳಿಕೊಂಡಿರೆಂದು ಹೇಳಿ ಬರಿಗೈಯಲ್ಲಿ ಕಳುಹಿಸಿದ ವೃತ್ತಾಂತವು ಸುವಾರ್ತೆಗಳಲ್ಲಿ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ತಾಳ್ಮೆಯೆಂಬದು ನೋಯುವವನು ತನಗೆ ತಾನೇ ಹೇಳಿಕೊಳ್ಳಬಹುದಾದ ಮಾತು. ಅದನ್ನು ನೋಯದವನು ಮತ್ತೊಬ್ಬನಿಗೆ ಆಜ್ಞಾಪಿಸುವಾಗ ಅದು ತಾಳ್ಮೆಯಾಗಿರದೆ ಬೇರೆ ಏನೋ ಆಗುತ್ತದೆ. ಅನೇಕ ವೇಳೆ ಅದು ಕೇವಲ ಮಿತವ್ಯಯವೇ. ಸೊಸೆಯ ಸೊಂಟಕ್ಕೆ ಭಕ್ತಿಯ ಉಪದೇಶ, ಎತ್ತಿನ ಕುಂಟುಕಾಲಿಗೆ ಪಶುವೈದ್ಯ, ಎಂಬ ಮನೆಗಳಿಲ್ಲವೆಂದು ಯಾರಾದರೂ ಹೇಳಬಲ್ಲರೋ?

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದದ್ದು. ನೋವು ಮರಳಿ ಬರುವದು ನಿಶ್ಚಯವಾದರೆ ಅದನ್ನು ಅಡಗಿಸುವದು ನಮ್ಮನ್ನು ನಾವೇ ಮೋಸಪಡಿಸಿಕೊಂಡ ಹಾಗಲ್ಲವೋ ಎನ್ನುತ್ತಾರೆ. ಆದರೆ ಹಸಿವೂ ಮರಳಿ ಬರುತ್ತದೆ. ಅದಕ್ಕಾಗಿ ಊಟವನ್ನು ಯಾರೂ ಮೋಸವೆನ್ನುವದಿಲ್ಲ. ಆ ಕೆಲವು ವಾರಗಳಲ್ಲಿ ಏನು ನಡೆಯುತ್ತದೆಂಬದನ್ನು ನೋಡಬೇಕು. ರಾತ್ರಿಯೆಲ್ಲಾ ಎದ್ದು ಕೂತಿದ್ದವಳು ನಿದ್ರೆಮಾಡುತ್ತಾಳೆ. ನಿದ್ರೆಯಿಲ್ಲದೆ ಮಕ್ಕಳ ಮೇಲೆ ಸಿಡುಕುತ್ತಿದ್ದವಳು ಸಿಡುಕುವದನ್ನು ಬಿಡುತ್ತಾಳೆ. ನೋವಿನ ಭಯದಿಂದ ಮಂಚ ಹಿಡಿದವನು ಎದ್ದು ನಡೆಯುತ್ತಾನೆ. ನಡೆದದ್ದರಿಂದಲೂ, ವೈದ್ಯರು ಕಲಿಸಿದ ವ್ಯಾಯಾಮದಿಂದಲೂ ಸೊಂಟದ ಮಾಂಸಖಂಡಗಳಿಗೆ ಬಲ ಬರುತ್ತದೆ. ಡಿಸ್ಕಿನ ನೋವು ಅನೇಕರಲ್ಲಿ ತಿಂಗಳುಗಳು ಕಳೆದಂತೆ ತಾನಾಗಿಯೇ ಇಳಿಯುವ ಸ್ವಭಾವವುಳ್ಳದ್ದು; ಹಾಗಾದರೆ ಸೂಜಿಯು ಹೊಳೆಯನ್ನು ಬತ್ತಿಸದಿದ್ದರೂ ನೆರೆ ಇಳಿಯುವ ವರೆಗೆ ದಾಟಿಸುವ ಹರಿಗೋಲಾಗುತ್ತದೆ. ಇಷ್ಟೂ ಆಗದೆ, ಒಂದು ತಿಂಗಳ ನಿದ್ರೆ ಮಾತ್ರ ಸಿಕ್ಕಿದರೂ ಅದು ಬೆಲೆಯಿಲ್ಲದ್ದೆಂದು ನಾವು ಹೇಳಲಾರೆವು. ಆದರೆ ಸಾಲಮಾಡಿ ಮೇಲಿಂದ ಮೇಲೆ ಚುಚ್ಚಿಸಿಕೊಂಡು ಏನೂ ಗುಣ ಕಾಣದವರು ಅದನ್ನು ನಿಲ್ಲಿಸುವದೂ ವಿವೇಕವೇ. ಸ್ಟಿರಾಯ್ಡನ್ನು ಬೇಕಾದಷ್ಟು ಸಾರಿ ಕೊಡುವ ಹಾಗೂ ಇಲ್ಲ.

ಮೂರನೆಯದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಮನಸ್ಸಿನಲ್ಲಿ ಇಟ್ಟುಕೊಳ್ಳುವವರು ಬಹಳ. ಕಾಲು ನೆಟ್ಟಗಿದೆ, ಗಾಯವಿಲ್ಲ, ಬಾವಿಲ್ಲ. ಹಾಗಾದರೆ ನೋವೆಂಬದು ಮೈಗಳ್ಳತನದ ನೆಪವಲ್ಲವೋ? ಯೋಬನ ಸ್ನೇಹಿತರು ಏಳು ದಿವಸ ಮಾತಾಡದೆ ಅವನ ಸಂಗಡ ನೆಲದ ಮೇಲೆ ಕೂತಿದ್ದಾಗ ಸರಿಯಾಗಿಯೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸಿಪಾಯಿಗಳಿಗೆ ಚಿಕಿತ್ಸೆ ಮಾಡಿದ ಜಾನ್ ಬೊನಿಕಾ ಎಂಬ ಅಮೇರಿಕದ ಅರಿವಳಿಕೆ ವೈದ್ಯನು, ನೋವಿನ ಚಿಕಿತ್ಸೆಯನ್ನು ಕುರಿತು ೧೯೫೩ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಅವನು ವಿದ್ಯಾಭ್ಯಾಸದ ವೆಚ್ಚಕ್ಕಾಗಿ ಕುಸ್ತಿ ಮಾಡಿದವನು. ಅದರ ಪೆಟ್ಟುಗಳಿಂದ ಜೀವಮಾನವೆಲ್ಲಾ ತಾನೂ ನೋವಿನಲ್ಲಿದ್ದವನು. ಅವನ ಪ್ರಯತ್ನದಿಂದ ೧೯೭೩ರಲ್ಲಿ ನೋವನ್ನು ಅಭ್ಯಸಿಸುವವರ ಅಂತರರಾಷ್ಟ್ರೀಯ ಸಂಘವು ಹುಟ್ಟಿತು. ಆ ಸಂಘವು ೨೦೨೦ರಲ್ಲಿ ನೋವಿನ ಲಕ್ಷಣವನ್ನು ತಿದ್ದಿ ಹೇಳಿದಾಗ, ಒಬ್ಬನು ತನಗೆ ನೋವಿದೆಯೆಂದು ಹೇಳುವ ಮಾತನ್ನು ಗೌರವಿಸತಕ್ಕದ್ದೆಂದು ಸೇರಿಸಿತು. ಇದೇ ಸೂಜಿಯನ್ನು ವೈದ್ಯರು ಕೆಲವು ಸಾರಿ ಪರೀಕ್ಷೆಗಾಗಿಯೂ ಕೊಡುತ್ತಾರೆ. ಇಂಥಾ ನರವನ್ನು ಮರಗಟ್ಟಿಸಿದಾಗ ನೋವು ಹೋದರೆ, ಅದು ಆ ನರದ ದಾರಿಯಿಂದಲೇ ಬರುತ್ತಿತ್ತೆಂದು ಊಹಿಸಬಹುದು. ಆದರೆ ನಂಬಿಕೆಯ ಬಲದಿಂದಲೂ ನೋವು ತಗ್ಗುವದುಂಟಾದ್ದರಿಂದ ಈ ಸಾಕ್ಷಿಯೂ ಸಂಪೂರ್ಣವಲ್ಲ. ಮತ್ತು ಸೂಜಿಯಿಂದ ನೋವು ಹೋಗದಿದ್ದರೆ ರೋಗಿಯು ಸುಳ್ಳುಗಾರನೆಂದು ತೀರ್ಪುಮಾಡುವದು ಘೋರ ಅನ್ಯಾಯ. ತಪ್ಪು ನರವನ್ನು ಹುಡುಕಿರಬಹುದು, ಅಷ್ಟೇ.

ಇಷ್ಟು ದೂರ ನಾವು ಸೂಜಿಯ ಪಕ್ಷವಾಗಿ ಮಾತಾಡಿದೆವು. ಆದರೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಕಠಿನವಾದ ಇನ್ನೊಂದು ಪ್ರಶ್ನೆ ಇದೆ. ಕಬ್ಬಿನ ಕಡಿತದ ಕಾಲದಲ್ಲಿ ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡ ಒಬ್ಬ ಕೂಲಿಯವನನ್ನು ಎಣಿಸಿಕೊಳ್ಳೋಣ. ಸೊಂಟದಿಂದ ಕಾಲಿಗೆ ನೋವು ಇಳಿದು ಅವನು ಬಿದ್ದುಕೊಂಡಿದ್ದಾನೆ. ಮೇಸ್ತ್ರಿಯು ದಯೆಯಿಂದಲೋ ಎಂಬಂತೆ ಸೂಜಿಯ ಹಣವನ್ನು ತಾನೇ ಕೊಡುತ್ತಾನೆ. ನೋವು ಇಳಿಯುತ್ತದೆ. ಮೂರನೆಯ ದಿವಸ ಅವನು ಕಬ್ಬಿನ ಹೊರೆಯನ್ನು ತಲೆಯ ಮೇಲಿಟ್ಟು ಲಾರಿಗೆ ಏರುತ್ತಾನೆ. ಡಿಸ್ಕ್ ಇನ್ನೂ ನರದ ಮೇಲೆಯೇ ಇದೆ. ಕೂಗಬೇಕಾದವನ ಧ್ವನಿ ಮಾತ್ರ ತಗ್ಗಿದೆ. ಇಲ್ಲಿ ಯಾರ ನೋವು ಪರಿಹಾರವಾಯಿತು? ರೋಗಿಯದೋ, ಮೇಸ್ತ್ರಿಯದೋ?

ಬ್ರ್ಯಾಂಡನು ಅಮೇರಿಕದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದಾಗ, ನೋವಿಲ್ಲದ ಕೈಗಳಿಗೆ ಕೃತಕವಾದ ನೋವನ್ನು ಒದಗಿಸಲು ಯತ್ನಿಸಿದನು. ಒತ್ತಡ ಹೆಚ್ಚಾದಾಗ ಎಚ್ಚರಿಸುವ ಯಂತ್ರವನ್ನು ಮಾಡಿಸಿದನು. ಶಬ್ದದಿಂದಲೂ ಬೆಳಕಿನಿಂದಲೂ ಎಚ್ಚರಿಸಿದರೆ ಜನರು ಲಕ್ಷ್ಯಮಾಡಲಿಲ್ಲ. ವಿದ್ಯುತ್ತಿನ ಪೆಟ್ಟು ಕೊಡುವಂತೆ ಮಾಡಿದರೆ, ಕೆಲಸಕ್ಕೆ ಅಡ್ಡಿಯಾದಾಗ ಅದನ್ನು ಆರಿಸಿಬಿಟ್ಟು ಕೆಲಸವನ್ನು ಮುಂದರಿಸಿದರು. ಕಡೆಗೆ ಅವನು ಆ ಯತ್ನವನ್ನು ಬಿಟ್ಟನು. ಮನುಷ್ಯನು ಕಾವಲುಗಾರನ ಬಾಯಿಯನ್ನು ಮುಚ್ಚಲು ಶಕ್ತನಾದರೆ, ಕೆಲಸವಿರುವಾಗ ಮುಚ್ಚಿಯೇ ಮುಚ್ಚುವನೆಂಬದು ಇದರಿಂದ ತೋರುತ್ತದೆ. ಇದಕ್ಕಾಗಿ ಕೂಲಿಯವನನ್ನು ಖಂಡಿಸಲು ನಮಗೆ ಮನಸ್ಸು ಬಾರದು. ತಾನೇ ಒಪ್ಪಿ ಹೊರೆ ಹೊತ್ತನೆಂದು ಮೇಸ್ತ್ರಿ ಹೇಳಬಹುದು. ಆದರೆ ಹೊರದಿದ್ದರೆ ಮನೆಯಲ್ಲಿ ಜೋಳವಿಲ್ಲವೆಂಬವನ ಒಪ್ಪಿಗೆಯನ್ನು ಸ್ವಂತ ಇಚ್ಛೆಯೆಂದು ಕರೆಯುವದಕ್ಕೆ ನಾವು ಹಿಂಜರಿಯುತ್ತೇವೆ. ಸಂಡೂರಿನ ಗಣಿಗಳ ಸುತ್ತಲೂ ಹಿಂದೆ ಅದಿರನ್ನು ಸುತ್ತಿಗೆಯಿಂದ ಒಡೆದವರು, ಬಂಡೆ ಸೀಳಿದವರು, ನಾಟಿಯ ಹೆಂಗಸರು, ಇವರೆಲ್ಲರ ಬೆನ್ನು ಇದೇ ಲೆಕ್ಕದಲ್ಲಿ ಸೇರಿದೆ. ಸೂಜಿಯು ವಿಶ್ರಾಂತಿಯ ಸಂಗಡ ಬಂದರೆ ಚಿಕಿತ್ಸೆ. ವಿಶ್ರಾಂತಿಗೆ ಬದಲಾಗಿ ಬಂದರೆ ಅದು ಚಿಕಿತ್ಸೆಯೆನಿಸುವದಿಲ್ಲ. ಔಷಧವೂ ಸೂಜಿಯೂ ಎರಡರಲ್ಲಿಯೂ ಒಂದೇ.

ನೋವು ತಗ್ಗಿದೆಯೆಂದು ಅಲಕ್ಷ್ಯಮಾಡಬಾರದ ಗುರುತುಗಳು ಕೆಲವಿವೆ. ಪಾದವನ್ನು ಮೇಲಕ್ಕೆತ್ತಲು ಬಲವಿಲ್ಲದೆ ಹೋದರೆ, ಮೂತ್ರ ಕಟ್ಟಿದರೆ ಇಲ್ಲವೆ ತಿಳಿಯದೆ ಹೋದರೆ, ತೊಡೆಯ ಸಂದಿಯಲ್ಲಿ ಮರಗಟ್ಟಿದರೆ, ನೋವು ಇರಲಿ ಇಲ್ಲದಿರಲಿ ಆ ದಿವಸವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡಮಾಡಿದರೆ ಆ ಬಲವು ಮರಳಿ ಬರದೆ ಹೋಗಬಹುದು.

ಹೊಸಪೇಟೆಯಿಂದ ಬಳ್ಳಾರಿಯು ಸುಮಾರು ೬೦ ಕಿಲೋಮೀಟರು. ಅಲ್ಲಿಯ ಸರಕಾರಿ ವೈದ್ಯಕೀಯ ಕಾಲೇಜು ೧೯೬೧ರಲ್ಲಿ ಆರಂಭವಾದದ್ದು. ವಿಮ್ಸ್ ಎಂಬ ಹೆಸರಿನಿಂದ ಜನರು ಅದನ್ನು ಬಲ್ಲರು. ಅಲ್ಲಿಯಾಗಲಿ ಬೇರೆ ಎಲ್ಲಿಯಾಗಲಿ ಹೋಗುವವರು ಎಲುಬಿನ ವೈದ್ಯರನ್ನೂ ಅರಿವಳಿಕೆ ವೈದ್ಯರನ್ನೂ ನಾಚದೆ ಕೇಳಲಿ: ಯಾವ ನರಕ್ಕೆ ಕೊಡುತ್ತೀರಿ, ಎಷ್ಟು ದಿವಸ ನಿಲ್ಲಬಹುದು, ಫಲಿಸದಿದ್ದರೆ ಮುಂದೇನು, ಎಷ್ಟು ದಿವಸ ಹೊರೆ ಹೊರಕೂಡದು. ಸಕ್ಕರೆ ಕಾಯಿಲೆಯನ್ನೂ, ತಿನ್ನುತ್ತಿರುವ ಎಲ್ಲಾ ಗುಳಿಗೆಗಳನ್ನೂ, ಹಿಂದೆ ಯಾವುದಾದರೂ ಸೂಜಿಯಿಂದ ಮೈ ಕೆಟ್ಟದ್ದನ್ನೂ ಮುಚ್ಚದೆ ಹೇಳಲಿ. ಚುಚ್ಚಿಸಿಕೊಂಡ ಮೇಲೆ ಕಾಲು ಕೆಲವು ತಾಸು ಜೋಮುಹಿಡಿದಿರಬಹುದಾದ್ದರಿಂದ ಒಬ್ಬರೇ ಹೋಗುವದೂ, ಮೋಟಾರು ಸೈಕಲನ್ನು ತಾವೇ ನಡಿಸಿಕೊಂಡು ಬರುವದೂ ಸಲ್ಲದು. ಜೊತೆಗೆ ಯಾರು ಹೋಗುವರು, ಆ ದಿನಗಳಲ್ಲಿ ನೀರಿನ ಕೊಡವನ್ನು ಯಾರು ಹೊರುವರು, ನಾಟಿಗೆ ಅವಳ ಬದಲು ಯಾರು ಇಳಿಯುವರು ಎಂಬದನ್ನು ಬಸ್ಸು ಹತ್ತುವದಕ್ಕೆ ಮುಂಚೆಯೇ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿಕೊಳ್ಳತಕ್ಕದ್ದು.